ಪಾಠ 14: ಮೂಲೆ ಸೇರಿದ ಸೈಕಲ್

ನಿಮ್ಮ ಮನೆಯಲ್ಲಿ ಹಳೆ ಸೈಕಲ್ ಇದೆಯೇ? ಅದು ಗೋಡೆಗೆ ಒರಗಿ ಎಷ್ಟು ವರ್ಷವಾಯಿತು?

ನಮ್ಮ ರಾಜ್ಯದಲ್ಲಿ 2006-07ರಿಂದ ಹಲವು ವರ್ಷ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಕೆಲವರು ತಾವೇ ಕೊಂಡರು. ಮಕ್ಕಳು ದೊಡ್ಡವರಾದರು. ಸೈಕಲ್ ಮೂಲೆ ಸೇರಿತು. ತುಕ್ಕು ಹಿಡಿಯಿತು. ಒಂದು ದಿನ ಗುಜರಿಯವನು ಬಂದು ತೂಕಕ್ಕೆ ಹಾಕಿಕೊಂಡು ಹೋದ.

ಗುಜರಿಗೆ ಹಾಕುವ ಮೊದಲು ಈ ಪಾಠ ಓದಿ.

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಒಬ್ಬ ಅಕ್ಕ ಇದ್ದಾಳೆ. ಜೀನ್ಸ್ ಪ್ಯಾಂಟ್ ಹೊಲಿಯುವುದು ಅವಳ ಕೆಲಸ. ದಿನಾ ಹೋಗಿ ಬರಲು ಆಟೋ ಬೇಕು. ಕೂಲಿಯಲ್ಲಿ ಒಂದು ಪಾಲು ಆಟೋಕ್ಕೇ ಹೋಗುತ್ತದೆ. ಮನೆಯಲ್ಲಿ ಮಗನ ಹಳೆಯ ಸೈಕಲ್ ಇತ್ತು. ದಪ್ಪ ಟೈರಿನದು. ನಮ್ಮ ಕಡೆ ಇದಕ್ಕೆ ರೇಂಜರ್ ಸೈಕಲ್ ಅನ್ನುತ್ತಾರೆ. ಅಕ್ಕ ಅದನ್ನು ತಳ್ಳಿಕೊಂಡು ಸೈಕಲ್ ಷಾಪಿಗೆ ಬಂದಳು.

"ತಾತಾ, ಇದು ಓಡ್ತದೇನು? ಇಲ್ಲಾ ಗುಜರಿಗೇ ಹಾಕ್ಲೋ?"

ತಾತ ಸೈಕಲ್ಲನ್ನು ಎತ್ತಿ ನೋಡಿದ. ತಿರುಗಿಸಿ ನೋಡಿದ.

"ನೋಡವ್ವಾ, ಟೈರು ಹೋಗೈತೆ. ಬ್ರೇಕ್ ರಬ್ಬರ್ ಸವೆದೈತೆ. ಚೈನು ತುಕ್ಕು ಹಿಡಿದೈತೆ. ಇವೆಲ್ಲಾ ಹೊಸವು ಸಿಗ್ತಾವೆ. ಫ್ರೇಮ್ ಗಟ್ಟಿ ಐತೆ. ಫ್ರೇಮ್ ಗಟ್ಟಿ ಇದ್ರೆ ಸೈಕಲ್ ಸತ್ತಿಲ್ಲ ಅಂತ ಲೆಕ್ಕ."

"ಫ್ರೇಮ್ ಗಟ್ಟಿ ಐತೆ ಅಂತ ಹೆಂಗೆ ಗೊತ್ತಾಗ್ತದೆ ತಾತಾ?"

"ಹ್ಯಾಂಡಲ್ ಕೆಳಗೆ ನೋಡು. ಪೆಡಲ್ ಇರೋ ಕಡೆ ಪೈಪುಗಳು ಕೂಡ್ತಾವಲ್ಲ, ಅಲ್ಲಿ ನೋಡು. ಬಟ್ಟೆಯಿಂದ ಒರೆಸಿ ನೋಡ್ಬೇಕು. ಕೂದಲಿನಂಥ ಬಿರುಕು ಇದ್ರೂ ಆ ಸೈಕಲ್ ಹತ್ತಬಾರದು. ಮುಂದಿನ ಫೋರ್ಕು ಬಗ್ಗಿದ್ರೆ, ಬಿರಿದಿದ್ರೆ ಬದಲಾಯಿಸ್ಬೇಕು. ವೆಲ್ಡಿಂಗ್ ಮಾಡಿಸಿ ನಂಬಬಾರದು. ಓಡುವಾಗ ಮುರಿದ್ರೆ ಹಲ್ಲು ಉಳಿಯಂಗಿಲ್ಲ."

ತಾತ ಸೈಕಲ್ಲಿಗೆ ಓವರಾಯಿಲ್ ಮಾಡಿದ. ಓವರಾಯಿಲ್ ಎಂದರೆ ಎಲ್ಲಾ ಬಿಚ್ಚಿ, ತೊಳೆದು, ಹೊಸ ಗ್ರೀಸ್ ಹಾಕಿ, ಮತ್ತೆ ಜೋಡಿಸುವುದು. ಅಕ್ಕ ಪಕ್ಕದಲ್ಲೇ ಕೂತು ನೋಡಿದಳು. ಬನ್ನಿ, ನಾವೂ ತಿಳಿಯೋಣ.

ಒಂದು: ಗುಂಡುಗಳು

ಚಕ್ರದ ನಡುವೆ ಹಬ್ ಇದೆ. ಹಬ್ಬಿನೊಳಗೆ ಉಕ್ಕಿನ ಸಣ್ಣ ಗುಂಡುಗಳಿವೆ. ಚಕ್ರ ಸಲೀಸಾಗಿ ತಿರುಗುವುದು ಇವುಗಳಿಂದಲೇ. ಗ್ರೀಸ್ ಒಣಗಿದರೆ ಗುಂಡು ಸವೆಯುತ್ತದೆ. ಚಕ್ರ ಕರಕರ ಅನ್ನುತ್ತದೆ.

ಬಿಚ್ಚುವಾಗ ಗುಂಡುಗಳನ್ನು ಎಣಿಸಿ ಚೀಟಿಯಲ್ಲಿ ಬರೆದಿಡಿ. ಸಾಮಾನ್ಯವಾಗಿ ಮುಂದಿನ ಚಕ್ರದಲ್ಲಿ ಒಂದೊಂದು ಬದಿಗೆ 10 ಇರುತ್ತವೆ. ಹಿಂದಿನ ಚಕ್ರದಲ್ಲಿ ಸ್ವಲ್ಪ ದಪ್ಪ ಗುಂಡು, ಒಂದೊಂದು ಬದಿಗೆ 9. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಬೆಂಕಿಯ ಹತ್ತಿರ ಈ ಕೆಲಸ ಬೇಡ. ಹೊಸ ಗ್ರೀಸ್ ತುಂಬಿ, ಎಣಿಸಿ ಕೂರಿಸಿ. ಚಕ್ರ ಅಲುಗಾಡಬಾರದು. ಬಿಗಿಯಾಗಿಯೂ ಇರಬಾರದು.

ಎರಡು: ಚೈನು

ನಮ್ಮ ಊರಲ್ಲಿ ಧೂಳು ಬಹಳ. ಅದಿರು ಲಾರಿ ಓಡುವ ದಾರಿಯಲ್ಲಿ ಕೆಂಪು ಧೂಳು. ಎಣ್ಣೆಗೆ ಧೂಳು ಮೆತ್ತಿದರೆ ಅದು ಅರೆಯುವ ಕಲ್ಲಿನ ಹಾಗೆ ಚೈನನ್ನು ತಿನ್ನುತ್ತದೆ. ಅದಕ್ಕೇ ಮೊದಲು ಒರೆಸಬೇಕು, ಆಮೇಲೆ ಎಣ್ಣೆ ಬಿಡಬೇಕು. ಹೆಚ್ಚಾದ ಎಣ್ಣೆಯನ್ನು ಬಟ್ಟೆಯಿಂದ ತೆಗೆಯಬೇಕು.

ಚೈನು ಸವೆದಿದೆಯೇ? ಅಳತೆ ಪಟ್ಟಿ ಇಟ್ಟು ನೋಡಿ. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಹಾಗಾದರೆ 24 ಕೊಂಡಿಗೆ 12 ಇಂಚು. ಪಟ್ಟಿಯಲ್ಲಿ 12 ಇಂಚಿನ ಮೇಲೆ ಇನ್ನೂ 1/8 ಇಂಚು ಬಂದರೆ ಚೈನು ಹಿಗ್ಗಿದೆ. ಬದಲಾಯಿಸಿ. ಇಲ್ಲವಾದರೆ ಹಲ್ಲುಚಕ್ರವನ್ನೂ ತಿಂದುಹಾಕುತ್ತದೆ.

ಮೂರು: ಬ್ರೇಕು

ಸೈಕಲ್ ಓಡದಿದ್ದರೆ ತಳ್ಳಿಕೊಂಡು ಬರಬಹುದು. ನಿಲ್ಲದಿದ್ದರೆ ಏನು ಗತಿ? ಬ್ರೇಕ್ ಹಿಡಿದು ಸೈಕಲ್ಲನ್ನು ತಳ್ಳಿ ನೋಡಿ. ಚಕ್ರ ತಿರುಗಬಾರದು. ಬ್ರೇಕ್ ವೈರಿನ ಒಂದು ಎಳೆ ಹರಿದಿದ್ದರೂ ವೈರು ಬದಲಾಯಿಸಿ. ರಿಮ್ಮಿಗೆ ಎಣ್ಣೆ ತಾಗಿಸಬೇಡಿ. ತಾಗಿದರೆ ಬ್ರೇಕ್ ಜಾರುತ್ತದೆ.

ನಾಲ್ಕು: ಪೆಡಲು

ಎಡಗಡೆ ಪೆಡಲಿಗೆ ಉಲ್ಟಾ ಥ್ರೆಡ್. ಇದು ಗೊತ್ತಿಲ್ಲದೆ ಎಷ್ಟೋ ಜನ ಬಿಚ್ಚಲು ಹೋಗಿ ಇನ್ನೂ ಬಿಗಿ ಮಾಡುತ್ತಾರೆ. ಒಂದು ಉಪಾಯ ನೆನಪಿಡಿ. ಪಾನಾವನ್ನು ಮೇಲ್ಮುಖವಾಗಿ ಇಟ್ಟು ಹಿಂದಿನ ಚಕ್ರದ ಕಡೆ ತಿರುಗಿಸಿ. ಎರಡು ಪೆಡಲೂ ಹೀಗೆಯೇ ಬಿಚ್ಚುತ್ತವೆ.

ಐದು: ಟೈರಿನ ಮೇಲಿನ ಬರಹ

ಈಗ ಟೈರು ತರಬೇಕು. ತಾತ ಹೇಳಿದ, "ಅವ್ವಾ, ಹಳೇ ಟೈರಿನ ಮೇಲೆ ಏನು ಬರೆದೈತೆ ಓದು."

ಅಕ್ಕ ಟೈರು ಒರೆಸಿದಳು. ನಿಧಾನವಾಗಿ ಓದಿದಳು. "26... 2.10."

"ಸರಿ. ಅಂಗಡೀಲಿ ಬರೀ 26 ಅಂತ ಕೇಳಬ್ಯಾಡ. 26 × 1½ ಅನ್ನೋ ಟೈರು ಬ್ಯಾರೆ. ಎರಡಕ್ಕೂ 26 ಐತೆ. ಆದ್ರೂ ಒಂದರ ಟೈರು ಇನ್ನೊಂದಕ್ಕೆ ಕೂಡಂಗಿಲ್ಲ."

ತಾತ ಹೇಳಿದ್ದು ನಿಜ. ಟೈರಿನ ಮೇಲೆ ಸಣ್ಣ ಅಂಕಿಯಲ್ಲಿ 54-559 ಎಂದು ಇದ್ದರೆ, ಟೈರಿನ ಅಗಲ 54 ಮಿಲಿಮೀಟರ್. ಟೈರು ರಿಮ್ಮಿನ ಮೇಲೆ ಕೂರುವ ಜಾಗದ ಅಡ್ಡಳತೆ 559 ಮಿಲಿಮೀಟರ್. 26 × 1½ ಟೈರಿಗೆ ಈ ಅಳತೆ 584. ದೊಡ್ಡ ಕರಿ ಸೈಕಲ್ಲಿನ 28 × 1½ ಟೈರಿಗೆ 635. ಹವಾ ಎಷ್ಟು ಹಾಕಬೇಕು ಎಂಬುದೂ ಸಾಮಾನ್ಯವಾಗಿ ಟೈರಿನ ಮೇಲೆಯೇ ಇರುತ್ತದೆ.

ಅಕ್ಕ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡಳು. ಅಂಗಡಿಯವನು ಬೇರೆ ಟೈರು ತೆಗೆದುಕೊಟ್ಟ. "ಇದೂ 26, ತಗೊಳ್ಳಮ್ಮ" ಅಂದ. ಅಕ್ಕ ಓದಿ ನೋಡಿದಳು. "ಇದಲ್ಲ ಅಣ್ಣಾ, ನನಗೆ 2.10 ಬೇಕು" ಎಂದಳು. ಸರಿಯಾದ ಟೈರು ಸಿಕ್ಕಿತು. ದುಡ್ಡೂ ಉಳಿಯಿತು, ಇನ್ನೊಂದು ಸಲ ತಿರುಗಾಡುವುದೂ ತಪ್ಪಿತು.

ಆರು: ಜಾಲಿ ಮುಳ್ಳು

ಬಳ್ಳಾರಿ ಜಾಲಿ ಯಾರಿಗೆ ಗೊತ್ತಿಲ್ಲ? ನಮ್ಮ ಜಿಲ್ಲೆಯ ಹೆಸರೇ ಅದಕ್ಕೆ ಬಂದಿದೆ. ಸಿರುಗುಪ್ಪ ಇರಲಿ, ಕುರುಗೋಡು ಇರಲಿ, ದಾರಿ ಬದಿಯಲ್ಲೆಲ್ಲಾ ಅದರ ಮುಳ್ಳು. ಪಂಚರ್ ಆದಾಗ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡಿ. ತೂತಿನ ಸುತ್ತ ಮರಳು ಕಾಗದದಿಂದ ಉಜ್ಜಿ. ಸಲ್ಯೂಷನ್ ಹಚ್ಚಿ, ಸ್ವಲ್ಪ ಒಣಗಲು ಬಿಟ್ಟು ಪ್ಯಾಚ್ ಒತ್ತಿ. ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆ ಬಟ್ಟೆ ಆಡಿಸಿ ನೋಡಿ. ಮುರಿದ ಮುಳ್ಳು ಅಲ್ಲೇ ಇದ್ದರೆ ಮತ್ತೆ ಪಂಚರ್ ಆಗುತ್ತದೆ.

ನಿಮಗೆ ಗೊತ್ತೇ?

ಗುಡ್ಡ ಹತ್ತಿ ಇಳಿಯುವ ದಪ್ಪ ಟೈರಿನ ಸೈಕಲ್ ಬೆಳೆದು ಬಂದದ್ದು ಹಳೆ ಸೈಕಲ್ಲುಗಳಿಂದ! ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ ಟಮಾಲ್ಪೈಸ್ ಎಂಬ ಬೆಟ್ಟ ಇದೆ. 1970ರ ನಂತರ ಅಲ್ಲಿನ ಹುಡುಗರು 1930-40ರ ಕಾಲದ ಹಳೆ ದಪ್ಪ ಟೈರಿನ ಸೈಕಲ್ಲುಗಳನ್ನು ಹುಡುಕಿ ತಂದರು. ರಿಪೇರಿ ಮಾಡಿ ಬೆಟ್ಟ ಇಳಿಸಿದರು. 1976ರಲ್ಲಿ ಪಂದ್ಯ ಶುರುವಾಯಿತು. ಇಳಿಯುವಷ್ಟರಲ್ಲಿ ಹಿಂದಿನ ಹಬ್ಬಿನ ಬ್ರೇಕು ಕಾದು ಗ್ರೀಸ್ ಹೊಗೆಯಾಗುತ್ತಿತ್ತು. ಪ್ರತಿ ಸಲ ಹೊಸ ಗ್ರೀಸ್ ತುಂಬಬೇಕಿತ್ತು. ಅದಕ್ಕೇ ಆ ಪಂದ್ಯಕ್ಕೆ "ರೀಪ್ಯಾಕ್" ಎಂದು ಹೆಸರಾಯಿತು. ಮತ್ತೆ ತುಂಬುವುದು ಎಂದು ಅರ್ಥ.

ನಮ್ಮ ಪಕ್ಕದ ತಮಿಳುನಾಡಿನ ಮಾತು ಕೇಳಿ. ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1991ರಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಆಗ ಶೀಲಾ ರಾಣಿ ಚುಂಕತ್ ಅಲ್ಲಿ ಕಲೆಕ್ಟರ್. ಅಕ್ಷರದ ಜೊತೆ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಿದರು. ಸಾವಿರಾರು ಹೆಂಗಸರು ಕಲಿತರು. ಲೇಡೀಸ್ ಸೈಕಲ್ ಸಾಲದಾಯಿತು. ಗಂಡಸರ ಸೈಕಲ್ಲನ್ನೇ ಓಡಿಸಿದರು. ಕೆಲಸಕ್ಕೆ, ನೀರಿಗೆ, ಸಂತೆಗೆ ಯಾರನ್ನೂ ಕಾಯದೆ ಹೋದರು.

ಬ್ರೂಸ್‌ಪೇಟೆಯ ಅಕ್ಕನೂ ಈಗ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಾಳೆ. ಆಟೋದ ದುಡ್ಡನ್ನು ಬೇರೆ ಡಬ್ಬಿಯಲ್ಲಿ ಹಾಕುತ್ತಾಳೆ.

ನೆನಪಿಡಿ

ದಿನಾ: ಹವಾ ಮತ್ತು ಬ್ರೇಕ್ ನೋಡಿ.
ವಾರಕ್ಕೊಮ್ಮೆ: ಚೈನು ಒರೆಸಿ ಎಣ್ಣೆ ಬಿಡಿ.
ತಿಂಗಳಿಗೊಮ್ಮೆ: ನಟ್ಟುಗಳನ್ನು ಬಿಗಿ ಮಾಡಿ. ಕಡ್ಡಿ ಸಡಿಲವಾಗಿದ್ದರೆ ಷಾಪಿಗೆ ಕೊಡಿ.
ವರ್ಷಕ್ಕೊಮ್ಮೆ: ಓವರಾಯಿಲ್ ಮಾಡಿಸಿ.
ಬೇಸಿಗೆಯಲ್ಲಿ: ನೆರಳಲ್ಲಿ ನಿಲ್ಲಿಸಿ. ಬಿಸಿಲಿಗೆ ಟೈರು ಬಿರಿಯುತ್ತದೆ.
ಮಳೆಗಾಲದಲ್ಲಿ: ಮಡ್ಗಾರ್ಡಿಗೆ ಮೆತ್ತಿದ ಎರೆಮಣ್ಣನ್ನು ಅಂದೇ ತೆಗೆಯಿರಿ.

ಉತ್ತರ ಬರೆಯಿರಿ

1. ಯಾವ ಭಾಗ ಬಿರುಕು ಬಿಟ್ಟರೆ ಸೈಕಲ್ ಹತ್ತಬಾರದು?
2. 24 ಕೊಂಡಿಯ ಹೊಸ ಚೈನು ಎಷ್ಟು ಇಂಚು?
3. ರಿಮ್ಮಿಗೆ ಎಣ್ಣೆ ಏಕೆ ತಾಗಿಸಬಾರದು?
4. ಅಂಗಡಿಯವನು ಕೊಟ್ಟ ಟೈರನ್ನು ಅಕ್ಕ ಏಕೆ ಬೇಡ ಎಂದಳು?

ಮಾಡಿ ನೋಡಿ

ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಸೈಕಲ್ಲಿನ ಟೈರು ಒರೆಸಿ. ಅದರ ಮೇಲಿನ ಅಂಕಿಗಳನ್ನು ಇಲ್ಲಿ ಬರೆಯಿರಿ: ..........

ರಿಪೇರಿಗೆ ಕೊಡುವ ಮೊದಲು ದರ ಕೇಳಿ ಬರೆದುಕೊಳ್ಳಿ. ಆಮೇಲೆ ಕೂಡಿಸಿ.

ಟೈರು: ರೂ. ......
ಬ್ರೇಕ್ ರಬ್ಬರ್: ರೂ. ......
ಕೂಲಿ: ರೂ. ......
ಒಟ್ಟು: ರೂ. ......