ಹಕ್ಕಿ ಪ್ರಾಜೆಕ್ಟ್‌ಗೆ ದುಡ್ಡು ಯಾರು ಕೊಡ್ತಾರೆ?

ಇಂಜಿನಿಯರಿಂಗ್ ಓದೋ ನಮಗೆ ಹಕ್ಕಿಗಳ ಅಧ್ಯಯನಕ್ಕೆ ಹಣ ಸಿಗುತ್ತಾ? ಸಿಗಬಹುದು. ಆದ್ರೆ ‘ನಮಗೆ ಹಕ್ಕಿ ಅಂದ್ರೆ ಇಷ್ಟ’ ಅಂತ ಬರೆದರೆ ಸಾಲದು, ಅಳೆಯಬಹುದಾದ ಒಂದು ಪ್ರಶ್ನೆ ಬೇಕು.

ಪ್ರಶ್ನೆ: ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ಗದ್ದಲ ಇರೋ ಕಡೆ ಗ್ರೇಟ್ ಟಿಟ್ ಹಕ್ಕಿಗಳು ಎತ್ತರದ ಸ್ವರದಲ್ಲಿ ಹಾಡುತ್ತವೆ ಅಂತ 2003ರ ಒಂದು ಅಧ್ಯಯನ ತೋರಿಸಿತು. ಹಾಗಾದ್ರೆ ನಮ್ಮ ಪೀಣ್ಯದಲ್ಲಿ ಪ್ರೆಸ್, ಲೇತ್‌ಗಳ ಸದ್ದಿನ ನಡುವೆ ಮಡಿವಾಳ ಹಕ್ಕಿ ಏನು ಮಾಡುತ್ತೆ? ಕೆಲಸದ ದಿನದ ಮತ್ತು ರಜಾದಿನದ ರೆಕಾರ್ಡಿಂಗ್ ಹೋಲಿಸಿ ನೋಡಬಹುದು. ಸಿಗ್ನಲ್ ಪ್ರೊಸೆಸಿಂಗ್ ಹೇಗೂ ನಮ್ಮ ಸಿಲಬಸ್‌ನಲ್ಲೇ ಇದೆ.

ಬಜೆಟ್: ರೆಕಾರ್ಡರ್, ಮೆಮೊರಿ ಕಾರ್ಡ್, ಬ್ಯಾಟರಿ, ಬಸ್ ಖರ್ಚು. ಪ್ರತಿ ಐಟಂ ಯಾಕೆ ಬೇಕು ಅಂತ ಒಂದು ಸಾಲು ಬರೆಯಬೇಕು. ದನಿ ಗುರುತಿಸೋ ಬರ್ಡ್‌ನೆಟ್ ಉಚಿತ, ಅದಕ್ಕೆ ಹಣ ಕೇಳಬೇಕಿಲ್ಲ.

ಎಲ್ಲಿ ಕೇಳೋದು: ಟಾಟಾ ಇನ್‌ಸ್ಟಿಟ್ಯೂಟ್ ಆವರಣದಲ್ಲಿರೋ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ನೆರವು ಕೊಡುತ್ತೆ. ಅರ್ಜಿ ಗೈಡ್ ಮತ್ತು ಕಾಲೇಜಿನ ಮೂಲಕ ಹೋಗಬೇಕು.

ಸಲೀಂ ಅಲಿ ಅವರ ಹತ್ತಿರ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. ‘ಸಂಬಳ ಬೇಡ, ಕ್ಯಾಂಪ್ ಖರ್ಚು ಕೊಡಿ’ ಎಂದು ಸಂಸ್ಥಾನಗಳನ್ನು ಕೇಳಿ ಅವರು ಹಕ್ಕಿ ಸಮೀಕ್ಷೆಗಳನ್ನು ನಡೆಸಿದರು. 1939–40ರ ಮೈಸೂರು ಸಮೀಕ್ಷೆ ಅವುಗಳಲ್ಲೊಂದು. ಏನು ಮಾಡ್ತೀವಿ, ಎಷ್ಟು ಬೇಕು ಅನ್ನೋದು ಅವರಿಗೆ ಸ್ಪಷ್ಟವಿತ್ತು.

ನಾವಿನ್ನೂ ಸೆಕೆಂಡ್ ಇಯರ್. ಈಗಲೇ ಫೋನ್‌ನಲ್ಲಿ ಹತ್ತು ಬೆಳಗ್ಗೆ ರೆಕಾರ್ಡ್ ಮಾಡಿಟ್ಟರೆ, ಫೈನಲ್ ಇಯರ್‌ನ ಅರ್ಜಿಯಲ್ಲಿ ಆಸೆಯ ಜೊತೆ ಡೇಟಾನೂ ಇರುತ್ತೆ.