ಕ್ಯಾಂಪ್ಕೊ: ಕರಾವಳಿ ಬೆಳೆಗಾರರ ಸಹಕಾರಿ

ಘಟ್ಟದ ಮೇಲಿನ ಕಾಫಿಗೆ ಕಾಫಿ ಮಂಡಳಿಯ ಸಾಮೂಹಿಕ ಮಾರಾಟ ವ್ಯವಸ್ಥೆಯ ಆಸರೆಯಿದ್ದ ಕಾಲದಲ್ಲಿ, ಘಟ್ಟದ ಕೆಳಗಿನ ಕಾರ್ಕಳದಂಥ ಪ್ರದೇಶಗಳ ಸಣ್ಣ ಅಡಿಕೆ ಬೆಳೆಗಾರರು ವರ್ತಕರು ಹೇಳಿದ ಬೆಲೆಗೇ ಫಸಲು ಕೊಡಬೇಕಿತ್ತು. 1970ರ ದಶಕದ ಆರಂಭದ ಬೆಲೆಕುಸಿತದ ಹಿನ್ನೆಲೆಯಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ, ಕರ್ನಾಟಕ ಮತ್ತು ಕೇರಳಗಳೆರಡರ ಬೆಳೆಗಾರರನ್ನೂ ಒಳಗೊಂಡ ಬಹುರಾಜ್ಯ ಸಹಕಾರಿ, ಅಂದರೆ ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಕಾರ್ಯವ್ಯಾಪ್ತಿಯುಳ್ಳ ಸಂಸ್ಥೆ. ಸಹಕಾರಿಯೇ ಖರೀದಿಗೆ ಇಳಿದಾಗ ಖಾಸಗಿ ವರ್ತಕರೂ ಅದರ ದರವನ್ನು ಗಮನಿಸಲೇಬೇಕಾಗುವುದರಿಂದ ಸದಸ್ಯರಲ್ಲದವರಿಗೂ ಅದರ ಪ್ರಯೋಜನ ತಲುಪುತ್ತದೆ. ಅಡಿಕೆ ತೋಟದ ಉಪಬೆಳೆಯಾದ ಕೊಕ್ಕೊಗೆ ಕೊಳ್ಳುವವರು ಕಡಿಮೆಯಾದಾಗ ಅದರ ಖರೀದಿಯನ್ನೂ ಕೈಗೆತ್ತಿಕೊಂಡ ಸಂಸ್ಥೆಯು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದು ಮೌಲ್ಯವರ್ಧನೆಗೆ, ಎಂದರೆ ಕಚ್ಚಾ ಬೆಳೆಯನ್ನು ಸಂಸ್ಕರಿಸಿ ಹೆಚ್ಚು ಬೆಲೆಯ ಸರಕಾಗಿಸುವ ಕೆಲಸಕ್ಕೆ, ತೊಡಗಿತು.