ಅತಿಥಿಯ ಸಂತೋಷ, ಆತಿಥೇಯನ ನೆಮ್ಮದಿ

(ಹೋಂಸ್ಟೇ ನಡೆಸುವ ಮತ್ತು ನಡೆಸಬಯಸುವ ಸದಸ್ಯರಿಗಾಗಿ)



ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ತೋಟದ ಮನೆಗಳಲ್ಲಿ ಪ್ರವಾಸಿಗರು ತಂಗುವುದು ಈಗ ಹೊಸ ಸಂಗತಿಯಲ್ಲ. ಅಡಿಕೆಗೆ ಹಳದಿ ಎಲೆ ರೋಗವೋ ಎಲೆಚುಕ್ಕಿ ರೋಗವೋ ತಗುಲಿದ ಊರುಗಳಲ್ಲಿ ಸಣ್ಣ ಹಿಡುವಳಿದಾರರೂ ಇದನ್ನು ಉಪ ಆದಾಯದ ದಾರಿಯೆಂದು ನೋಡುತ್ತಿದ್ದಾರೆ. ಆದರೆ ಸಾಲ ತೆಗೆದು ಎರಡು ಕೋಣೆ ಕಟ್ಟಿಸುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಬಂದ ಅತಿಥಿ ನಮ್ಮಿಂದ ಕೊಂಡು ಹೋಗುವುದೇನನ್ನು? ಕಾಫಿಯನ್ನೂ ಅಡಿಕೆಯನ್ನೂ ತೂಗಿ ಕೊಡುತ್ತೇವೆ. ಇಲ್ಲಿ ಮಾರಾಟವಾಗುವುದು ಮನಸ್ಸಿನ ಸಮಾಧಾನ. ಅದಕ್ಕೆ ತಕ್ಕಡಿಯಿಲ್ಲ. ಆದರೂ ಅದನ್ನು ಅಳೆಯುವ ಪ್ರಯತ್ನವನ್ನು ವಿದ್ವಾಂಸರು ಮಾಡಿದ್ದಾರೆ. ಅದರ ಸಾರವನ್ನು ನಮ್ಮ ಉಪಯೋಗಕ್ಕೆ ತಕ್ಕಂತೆ ಇಲ್ಲಿ ವಿವರಿಸಿದ್ದೇವೆ.

1. ಪ್ರವಾಸದ ಮುಂಚೆ ಮತ್ತು ಅನಂತರ

ನೆದರ್‌ಲ್ಯಾಂಡ್ಸ್‌ನ 1,530 ವಯಸ್ಕರನ್ನು ಕುರಿತ ಒಂದು ಅಧ್ಯಯನವನ್ನು ಜೆರೋನ್ ನಾವೈನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದರು. ಅವರಲ್ಲಿ 974 ಮಂದಿ ಪ್ರವಾಸ ಹೋಗಿ ಬಂದವರು. ಹೊರಡುವುದಕ್ಕೆ ಮುಂಚೆ ಇವರು ಮನೆಯಲ್ಲೇ ಉಳಿದವರಿಗಿಂತ ಹೆಚ್ಚು ಸಂತೋಷದಿಂದಿದ್ದರು. ಹಿಂದಿರುಗಿದ ಮೇಲೆ ಬಹುಮಂದಿಯಲ್ಲಿ ಆ ವ್ಯತ್ಯಾಸ ಉಳಿಯಲಿಲ್ಲ. ಪ್ರವಾಸ ಬಹಳ ಆರಾಮವಾಗಿತ್ತು ಎಂದವರಲ್ಲಿ ಮಾತ್ರ ಕೆಲವು ವಾರಗಳ ಕಾಲ ಉಳಿಯಿತು.

ಇದರಿಂದ ತಿಳಿಯುವುದು ಎರಡು ಮಾತು. ಅತಿಥಿಯ ಸಂತೋಷ ಅವನು ಗೇಟು ದಾಟುವ ಮೊದಲೇ ಶುರುವಾಗಿರುತ್ತದೆ. ಆದುದರಿಂದ ದಾರಿ, ಊಟ, ಹವೆ, ಜಿಗಣೆ ಎಲ್ಲವನ್ನೂ ಮೊದಲೇ ನಿಜವಾಗಿ ತಿಳಿಸಬೇಕು. ಎರಡನೆಯದಾಗಿ, ಒಂದೇ ದಿನದಲ್ಲಿ ಐದು ಜಾಗ ತೋರಿಸಿ ಅವನನ್ನು ದಣಿಸುವುದು ಉಪಕಾರವಲ್ಲ.

2. ನೆನಪಿನ ಲೆಕ್ಕ

ಡೇನಿಯಲ್ ಕಾಹ್ನೆಮನ್ ಅವರು 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞರು. ಅವರೂ ಸಂಗಡಿಗರೂ 1993ರಲ್ಲಿ ಪ್ರಕಟಿಸಿದ ಪ್ರಯೋಗ ಹೀಗಿದೆ. 14 ಡಿಗ್ರಿ ಸೆಲ್ಸಿಯಸ್‌ನ ತಣ್ಣೀರಿನಲ್ಲಿ ಒಂದು ಕೈಯನ್ನು 60 ಸೆಕೆಂಡು ಇಡಿಸಿದರು. ಇನ್ನೊಂದು ಕೈಯನ್ನು ಅಷ್ಟೇ ಹೊತ್ತು ಇಡಿಸಿ, ಮತ್ತೆ 30 ಸೆಕೆಂಡು ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸಿದರು. ಮೂರನೆಯ ಸಲಕ್ಕೆ ಯಾವುದು ಬೇಕೆಂದು ಕೇಳಿದಾಗ ನೂರಕ್ಕೆ 69 ಮಂದಿ ಉದ್ದದ ಕಷ್ಟವನ್ನೇ ಆರಿಸಿಕೊಂಡರು! ಕೊನೆ ಸ್ವಲ್ಪ ಹಿತವಾಗಿದ್ದುದೇ ಕಾರಣ. ಮನಸ್ಸು ಹೊತ್ತನ್ನು ಎಣಿಸುವುದಿಲ್ಲ. ಅತಿ ತೀವ್ರವಾದ ಕ್ಷಣವನ್ನೂ ಕೊನೆಯನ್ನೂ ಹಿಡಿದುಕೊಳ್ಳುತ್ತದೆ ಎಂಬುದು ಅವರ ವಾದ.

ಆದರೆ ಈ ಸೂತ್ರವನ್ನು ಹಾಗೆಯೇ ನಂಬಬಾರದು. ನ್ಯೂಜಿಲೆಂಡಿನಲ್ಲಿ ಸೈಮನ್ ಕೆಂಪ್ ಮತ್ತು ಸಂಗಡಿಗರು ವಿದ್ಯಾರ್ಥಿಗಳ ರಜಾ ಪ್ರವಾಸದ ಮೇಲೆಯೇ ಅದನ್ನು ಪರೀಕ್ಷಿಸಿ 2008ರಲ್ಲಿ ವರದಿ ಮಾಡಿದರು. ಅತ್ಯಂತ ನೆನಪಿನಲ್ಲುಳಿದ ಅಥವಾ ಅಪರೂಪದ ಒಂದು ದಿನವೇ ಇಡೀ ಪ್ರವಾಸದ ನೆನಪನ್ನು ಹೆಚ್ಚಾಗಿ ನಿರ್ಧರಿಸಿತ್ತು. ಆದುದರಿಂದ ನಮ್ಮ ಕೆಲಸ ಇಷ್ಟು: ಒಂದು ಅಪರೂಪದ ಅನುಭವ ಕೊಡುವುದು, ಬೀಳ್ಕೊಡುವಾಗ ಬಿಲ್ಲಿನ ಜಗಳಕ್ಕೆ ಎಡೆಗೊಡದಿರುವುದು. ಅಪರೂಪದ್ದಕ್ಕೆ ಖರ್ಚು ಬೇಡ. ಹೂಮಳೆ ಬಿದ್ದ ಕೆಲವೇ ದಿನಗಳಲ್ಲಿ ಬಿಳಿಯಾಗುವ ತೋಟ, ಪಲ್ಪರಿನಿಂದ ಹೊರಬರುವ ಬೀಜ, ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುವ ಕೈಗಳು, ಇವು ನಮಗೆ ನಿತ್ಯದವು, ಅವರಿಗೆ ಅಲ್ಲ.

3. ಕಿಟಕಿಯ ಮರ

ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ರೋಜರ್ ಉಲ್ರಿಚ್ 1984ರಲ್ಲಿ ಹೋಲಿಸಿ ನೋಡಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಸರಾಸರಿ 7.96 ದಿನಗಳಲ್ಲಿ ಮನೆಗೆ ಹೋದರೆ, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗೆ 8.70 ದಿನ ಬೇಕಾಯಿತು. ರೋಗಿ ಬೇರೆ, ಪ್ರವಾಸಿ ಬೇರೆ ಎಂಬುದು ನಿಜ. ಆದರೂ ನೆರಳಿನ ಮರ ಕಡಿದು ಕಾರು ನಿಲ್ಲಿಸಲು ಜಾಗ ಮಾಡುವ ಮುನ್ನ ಈ ಲೆಕ್ಕ ನೆನಪಿರಲಿ.

4. ನಮ್ಮ ಮನಸ್ಸಿನ ಗತಿ

ಅತಿಥಿಯ ಮನಸ್ಸಿನಷ್ಟೇ ಆತಿಥೇಯರ ಮನಸ್ಸೂ ಮುಖ್ಯ. ಬಾರ್ಬಡೋಸ್ ದ್ವೀಪ ಮತ್ತು ಕೆನಡಾದ ನಯಾಗರ-ಆನ್-ದ-ಲೇಕ್ ಪಟ್ಟಣವನ್ನು ನೋಡಿ ಜಾರ್ಜ್ ಡಾಕ್ಸಿ 1975ರಲ್ಲಿ ಸ್ಥಳೀಯರ ಭಾವನೆಯಲ್ಲಿ ನಾಲ್ಕು ಹಂತ ಗುರುತಿಸಿದರು: ಉತ್ಸಾಹ, ಉದಾಸೀನ, ಕಿರಿಕಿರಿ, ವಿರೋಧ. ಎಲ್ಲ ಊರೂ ಕೊನೆಯ ಹಂತಕ್ಕೆ ಹೋಗಲೇಬೇಕೆಂದಿಲ್ಲ. ಆದರೆ ರಾತ್ರಿಯ ಧ್ವನಿವರ್ಧಕ, ಹೊಳೆಯಲ್ಲಿ ಒಡೆದ ಬಾಟಲಿ, ಕಿರಿದಾದ ರಸ್ತೆಯಲ್ಲಿ ಕಾರುಗಳ ಸಾಲು ಕಂಡವರಿಗೆ ಮೂರನೆಯ ಹಂತವನ್ನು ವಿವರಿಸಿ ಹೇಳಬೇಕಾಗಿಲ್ಲ.

ಆರ್ಲಿ ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ 1983ರ ತಮ್ಮ ಪುಸ್ತಕದಲ್ಲಿ ವಿಮಾನದ ಪರಿಚಾರಿಕೆಯರನ್ನು ಕುರಿತು ಬರೆದರು. ಮನಸ್ಸಿಲ್ಲದಾಗಲೂ ನಗುವುದು ಒಂದು ದುಡಿಮೆ, ಅದಕ್ಕೂ ದಣಿವುಂಟು ಎಂದು ತೋರಿಸಿದರು. ಹೋಂಸ್ಟೇಯಲ್ಲಿ ಈ ದುಡಿಮೆ ಬಹುಪಾಲು ಮನೆಯ ಹೆಂಗಸರ ಪಾಲಿಗೆ ಬರುತ್ತದೆ. ಡಿಸೆಂಬರಿನಲ್ಲಿ ಅರೇಬಿಕಾ ಕೊಯ್ಲು, ಅಡಿಕೆ ಸುಲಿತ, ಪೇಟೆಯವರ ರಜೆ ಮೂರೂ ಒಟ್ಟಿಗೆ ಬರುತ್ತವೆ. ಆಳುಗಳಿಗೂ ಅಡುಗೆ, ಅತಿಥಿಗಳಿಗೂ ಅಡುಗೆ. ಕೋಣೆಯ ಬಾಡಿಗೆ ಲೆಕ್ಕದ ಪುಸ್ತಕದಲ್ಲಿ ಜಮೆಯಾಗುತ್ತದೆ. ಈ ಶ್ರಮ ಖರ್ಚಿನ ಕಡೆ ಎಲ್ಲಿಯೂ ಬರೆಯಲ್ಪಡುವುದಿಲ್ಲ.

ಸದಸ್ಯರು ಮಾಡಬೇಕಾದುದು

ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸುವುದರ ಜೊತೆಗೆ ಈ ನಾಲ್ಕನ್ನು ಪಾಲಿಸಬೇಕೆಂದು ನಮ್ಮ ವಿನಂತಿ.

(ಅ) ಕೋಣೆ ಕಟ್ಟಿಸುವ ತೀರ್ಮಾನ ಅಡುಗೆಮನೆಯಲ್ಲಿ ದುಡಿಯುವವರ ಒಪ್ಪಿಗೆಯಿಂದಲೇ ಆಗಲಿ. ಅವರ ದುಡಿಮೆಗೆ ಕೂಲಿ ಹಿಡಿದ ಮೇಲೆಯೇ ಲಾಭ ಎಣಿಸಿರಿ.

(ಆ) ಕೊಯ್ಲಿನ ತಿಂಗಳುಗಳಲ್ಲಿ ವಾರಕ್ಕೆ ಎರಡು ದಿನವಾದರೂ ಅತಿಥಿಗಳಿಗೆ ರಜೆ ಹೇಳಿರಿ.

(ಇ) ರಾತ್ರಿ ಗದ್ದಲ, ಹೊಳೆಗೆ ಇಳಿಯುವುದು, ಕಸ, ಇವುಗಳ ನಿಯಮವನ್ನು ಬರುವ ಮೊದಲೇ ತಿಳಿಸಿರಿ.

(ಈ) ಕೋಣೆ ತುಂಬಿದಾಗ ಹೆಚ್ಚಿನವರನ್ನು ಪಕ್ಕದ ಸದಸ್ಯರ ಮನೆಗೆ ಕಳುಹಿಸಿರಿ. ಒಂದೇ ಮನೆಯಲ್ಲಿ ಇಪ್ಪತ್ತು ಜನ ತುಂಬುವುದಕ್ಕಿಂತ ಐದು ಮನೆಗಳಲ್ಲಿ ನಾಲ್ವರಂತೆ ಇರುವುದು ಊರಿಗೂ ಹಿತ, ಅತಿಥಿಗೂ ಹಿತ.

ದಣಿದ ಮನೆಯಲ್ಲಿ ಅತಿಥಿಗೆ ಆರಾಮ ಸಿಗದು. ತೋಟವನ್ನು ನೋಡಿಕೊಳ್ಳುವ ಎಚ್ಚರದಲ್ಲಿಯೇ ಮನೆಯವರ ನೆಮ್ಮದಿಯನ್ನೂ ನೋಡಿಕೊಂಡರೆ ಈ ಉಪ ಆದಾಯ ನಾಲ್ಕು ಕಾಲ ನಿಂತೀತು.